ಹಳೆಯ ವಿಂಡೋಸ್ ಯಂತ್ರಗಳನ್ನು ಕೈಬಿಡದೆ ತಂತ್ರಾಂಶವನ್ನು ಮುಂದುವರಿಸುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಮೂವತ್ತೆಂಟು ದಲಾಲಿ ಅಂಗಡಿಗಳಿಗೆ ರೈತರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಬರೆಯುವ ತಂತ್ರಾಂಶವನ್ನು ಮಾಡಿಕೊಟ್ಟಿದ್ದೇನೆ. ಮುಖ್ಯ ತಂತ್ರಾಂಶ ಮೈಕ್ರೋಸಾಫ್ಟಿನ ಡಾಟ್‌ನೆಟ್ ಫ್ರೇಮ್‌ವರ್ಕ್ 4.0 ಮೇಲೆ ಸಿ ಶಾರ್ಪ್‌ನಲ್ಲಿದೆ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕವನ್ನು ಓದಿಕೊಳ್ಳುವ ಸಣ್ಣ ಪ್ರೋಗ್ರಾಂ ಒಂದು ರಸ್ಟ್ ಭಾಷೆಯಲ್ಲಿದೆ. ಇತ್ತೀಚೆಗೆ ಅದರ ಕೋಡನ್ನು ಪ್ರೋಗ್ರಾಂ ಕಡತವಾಗಿ ಕಟ್ಟುವ ಕಂಪೈಲರನ್ನು ಹೊಸ ಆವೃತ್ತಿಗೆ ಬದಲಿಸಿ, ಕೋಡಿನಲ್ಲಿ ಒಂದು ಸಾಲನ್ನೂ ಮುಟ್ಟದೆ ಮತ್ತೆ ಬಿಲ್ಡ್ ಮಾಡಿ ಕಳಿಸಿದೆ. ವಿಂಡೋಸ್ 10 ಇರುವಲ್ಲಿ ಎಲ್ಲವೂ ಸರಿಯಿದೆ. ವಿಂಡೋಸ್ 7 ಇರುವ ಹನ್ನೊಂದು ಅಂಗಡಿಗಳಲ್ಲಿ ಕಾಟಾ ಪ್ರೋಗ್ರಾಂ ತೆರೆಯುವುದೇ ಇಲ್ಲ. ಕರ್ನೆಲ್32 ಎಂಬ ಡಿಎಲ್‌ಎಲ್‌ನಲ್ಲಿ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಫಂಕ್ಷನ್ನುಗಳ ಕಡತ) ಯಾವುದೋ ‘ಎಂಟ್ರಿ ಪಾಯಿಂಟ್’ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಎರಡು ಅಂಗಡಿಗಳಲ್ಲಿ ಇನ್ನೂ ಎಕ್ಸ್‌ಪಿ ಇದೆ, ಅಲ್ಲಿ ತೂಕವನ್ನು ಕೈಯಿಂದಲೇ ಟೈಪ್ ಮಾಡುತ್ತಾರೆ. ಎಲ್ಲವನ್ನೂ ಡಾಟ್‌ನೆಟ್ 8ಕ್ಕೆ ಬದಲಿಸಿ ಹಳೆಯ ಯಂತ್ರಗಳನ್ನು ಬಿಟ್ಟುಬಿಡಲೇ? ಕೆಲವು ಕಡೆ ಪಟ್ಟಿಯಲ್ಲಿ ₹ ಗುರುತಿನ ಜಾಗದಲ್ಲಿ ಖಾಲಿ ಚೌಕ ಮುದ್ರಣವಾಗುತ್ತಿದೆ, ಅದಕ್ಕೇನು ಮಾಡಬೇಕು?

ಉತ್ತರ: ತಮ್ಮ ಪತ್ರದಲ್ಲಿರುವ ಅತ್ಯಂತ ಮುಖ್ಯವಾದ ಮಾತು ‘ಕೋಡಿನಲ್ಲಿ ಒಂದು ಸಾಲನ್ನೂ ಮುಟ್ಟದೆ’ ಎಂಬುದು. ನಮ್ಮ ತಂತ್ರಾಂಶ ಯಾವ ಹಳೆಯ ವಿಂಡೋಸಿನವರೆಗೆ ನಡೆಯುತ್ತದೆ ಎಂಬುದನ್ನು ನಾವು ಬರೆಯುವ ಕೋಡು ನಿರ್ಧರಿಸುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಆದರೆ ಬಹುಪಾಲು ಅದನ್ನು ನಿರ್ಧರಿಸುವುದು ಆ ಕೋಡನ್ನು ಕಟ್ಟುವ ಉಪಕರಣಗಳು ಮತ್ತು ಅದರ ಜೊತೆಗೆ ಸೇರಿಕೊಳ್ಳುವ ಸಿದ್ಧ ಕೋಡಿನ ಲೈಬ್ರರಿಗಳು. ತಮ್ಮ ಕಾಟಾ ಪ್ರೋಗ್ರಾಂ ಹಳೆಯದಾಗಲಿಲ್ಲ, ಹಾಳಾಗಲೂ ಇಲ್ಲ. ಅದರ ಕೆಳಗಿನ ನೆಲವನ್ನು ಕಂಪೈಲರ್ ಮೇಲಕ್ಕೆ ಏರಿಸಿತು, ಅಷ್ಟೆ.

ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಿಲ್ಡ್ ಆದ ಪ್ರತಿಯೊಂದು ಪ್ರೋಗ್ರಾಂ ಕಡತದಲ್ಲಿ ‘ಇಂಪೋರ್ಟ್ ಟೇಬಲ್’ ಎಂಬ ಒಂದು ಯಾದಿ ಇರುತ್ತದೆ. ಯಾವ ಡಿಎಲ್‌ಎಲ್‌ನಿಂದ ಯಾವ ಯಾವ ಫಂಕ್ಷನ್ ಬೇಕು ಎಂಬುದು ಅದರಲ್ಲಿ ಹೆಸರು ಹೆಸರಾಗಿ ಬರೆದಿರುತ್ತದೆ. ಪ್ರೋಗ್ರಾಂ ತೆರೆಯುವಾಗ ವಿಂಡೋಸ್ ಮೊದಲು ಈ ಯಾದಿಯನ್ನು ಕೈಗೆತ್ತಿಕೊಂಡು ಪ್ರತಿಯೊಂದು ಹೆಸರನ್ನೂ ಹುಡುಕುತ್ತದೆ, ಒಂದೇ ಒಂದು ಸಿಗದಿದ್ದರೂ ಇಡೀ ಪ್ರೋಗ್ರಾಮನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಆ ಫಂಕ್ಷನ್ನನ್ನು ತಮ್ಮ ಕೋಡು ಎಂದಾದರೂ ಕರೆಯುತ್ತದೆಯೇ ಇಲ್ಲವೇ ಎಂಬುದನ್ನು ಅದು ಕೇಳುವುದಿಲ್ಲ. ರಸ್ಟ್ ಭಾಷೆಯವರು 2024ರ ಮೇ ತಿಂಗಳಲ್ಲಿ ಬಂದ 1.78ನೇ ಆವೃತ್ತಿಯಿಂದ ವಿಂಡೋಸ್ 10ನ್ನೇ ಕನಿಷ್ಠವೆಂದು ಇಟ್ಟುಕೊಂಡಿದ್ದಾರೆ. ಅಲ್ಲಿಂದಾಚೆಗೆ ಅದರ ಸ್ಟ್ಯಾಂಡರ್ಡ್ ಲೈಬ್ರರಿ ಗಡಿಯಾರದ ಸಮಯವನ್ನು ಕೇಳಲು ‘ಗೆಟ್ ಸಿಸ್ಟಮ್ ಟೈಮ್ ಪ್ರಿಸೈಸ್ ಆಸ್ ಫೈಲ್ ಟೈಮ್’ ಎಂಬ ಫಂಕ್ಷನ್ನನ್ನು ನೇರವಾಗಿ ಯಾದಿಗೆ ಸೇರಿಸುತ್ತದೆ. ಈ ಫಂಕ್ಷನ್ ವಿಂಡೋಸಿಗೆ ಬಂದದ್ದೇ 8ನೇ ಆವೃತ್ತಿಯಲ್ಲಿ. ತಮ್ಮ ಪರದೆಯ ಮೇಲಿನ ಸಂದೇಶದಲ್ಲಿ ಇದೇ ಹೆಸರು ಇರುವ ಸಾಧ್ಯತೆ ಬಹಳ ಹೆಚ್ಚು. ಒಮ್ಮೆ ಓದಿ ನೋಡಿ.

ಪರಿಹಾರ ಕಷ್ಟದ್ದಲ್ಲ. ಕಾಟಾ ಪ್ರೋಗ್ರಾಮನ್ನು 1.77.2ನೇ ಕಂಪೈಲರಿನಲ್ಲೇ ಬಿಲ್ಡ್ ಮಾಡಿ, ಮತ್ತು ಆ ಸಂಖ್ಯೆಯನ್ನು ಪ್ರಾಜೆಕ್ಟಿನ ಒಳಗೇ ‘ರಸ್ಟ್ ಟೂಲ್‌ಚೈನ್’ ಕಡತದಲ್ಲಿ ಬರೆದಿಡಿ. ಹೀಗೆ ಬರೆದಿಟ್ಟರೆ ತಾವು ಗಣಕಯಂತ್ರವನ್ನು ಬದಲಿಸಿದರೂ, ನಾಳೆ ಈ ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿದರೂ, ತಿಳಿಯದೆ ನೆಲ ಮೇಲೇರುವುದಿಲ್ಲ. ಜೊತೆಗೆ ಬಳಸಿರುವ ಲೈಬ್ರರಿಗಳ ಆವೃತ್ತಿಗಳನ್ನೂ ಲಾಕ್ ಕಡತದೊಂದಿಗೆ ಜೋಪಾನವಾಗಿಡಿ, ಏಕೆಂದರೆ ಅವು ಮುಂದೊಂದು ದಿನ ಹೊಸ ಕಂಪೈಲರನ್ನೇ ಕೇಳಬಹುದು. ಹಳೆಯ ಕಂಪೈಲರಿಗೆ ಅಂಟಿಕೊಳ್ಳುವುದರಲ್ಲಿ ನಷ್ಟವಿಲ್ಲವೆಂದು ನಾನು ಹೇಳುವುದಿಲ್ಲ: ಭದ್ರತೆಯ ತಿದ್ದುಪಡಿಗಳು ಅದಕ್ಕೆ ಬರುವುದು ನಿಂತಿರುತ್ತದೆ. ಆದರೆ ಒಂದು ಸೀರಿಯಲ್ ಪೋರ್ಟಿನಿಂದ ತೂಕದ ಅಂಕಿಗಳನ್ನು ಓದಿ ಪಕ್ಕದ ತಂತ್ರಾಂಶಕ್ಕೆ ಕೊಡುವುದಷ್ಟೇ ಕೆಲಸವಾಗಿರುವ, ಅಂತರಜಾಲದ ಕಡೆಗೆ ಮುಖವನ್ನೇ ಹಾಕದ ಪ್ರೋಗ್ರಾಮಿಗೆ ಆ ನಷ್ಟ ಸಹಿಸಬಹುದಾದದ್ದು. ಜಾಲಕ್ಕೆ ತೆರೆದುಕೊಂಡ ಪ್ರೋಗ್ರಾಂ ಆಗಿದ್ದರೆ ನನ್ನ ಸಲಹೆ ಬೇರೆಯೇ ಆಗಿರುತ್ತಿತ್ತು.

ಇದು ರಸ್ಟ್ ಒಂದರ ಕಥೆಯಲ್ಲ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8, ಗೋ ಭಾಷೆಯಲ್ಲಿ ಕೊನೆಯದು 1.20, ತಂತ್ರಾಂಶ ಕಟ್ಟುವ ಚೌಕಟ್ಟುಗಳಾದ ಎಲೆಕ್ಟ್ರಾನ್‌ನಲ್ಲಿ 22, ಕ್ಯೂಟಿಯಲ್ಲಿ 5.15, ಕ್ರೋಮ್ ಬ್ರೌಸರ್ 109ಕ್ಕೆ ನಿಂತಿದೆ. ಹೊಸ ಉಪಕರಣವನ್ನು ಆರಿಸುವ ಮೊದಲು ಅದರ ಕನಿಷ್ಠ ವಿಂಡೋಸ್ ಯಾವುದೆಂದು ಕೇಳುವ ಅಭ್ಯಾಸವನ್ನು ತಾವು ಇವತ್ತಿನಿಂದಲೇ ಮಾಡಿಕೊಳ್ಳಬೇಕು.

ಇನ್ನು ಡಾಟ್‌ನೆಟ್ 8ರ ವಿಚಾರ. ಇಲ್ಲಿ ನಾನು ತಮ್ಮನ್ನು ತಡೆಯಲೇಬೇಕು. ಹೊಸದು ಹೆಚ್ಚು ಕಾಲ ಬಾಳುತ್ತದೆ ಎಂಬ ಎಣಿಕೆ ಸಹಜ. ಆದರೆ ಡಾಟ್‌ನೆಟ್ 8ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2026ರ ನವೆಂಬರ್ 10ಕ್ಕೆ ಮುಗಿಯುತ್ತದೆ, ಅದು ವಿಂಡೋಸ್ 7ರ ಮೇಲೆ ನಡೆಯುವ ಖಾತರಿಯೂ ಇಲ್ಲ. ಇದಕ್ಕೆ ಬದಲಾಗಿ 2019ರ ಏಪ್ರಿಲ್‌ನಲ್ಲಿ ಬಂದ ಡಾಟ್‌ನೆಟ್ ಫ್ರೇಮ್‌ವರ್ಕ್ 4.8, ಸರ್ವಿಸ್ ಪ್ಯಾಕ್ 1 ಹಾಕಿದ ವಿಂಡೋಸ್ 7ರಲ್ಲೂ ವಿಂಡೋಸ್ 10 ಮತ್ತು 11ರಲ್ಲೂ ನಡೆಯುತ್ತದೆ. ಅದರ ಬೆಂಬಲವೂ ವಿಂಡೋಸಿನ ಆಯುಷ್ಯದೊಂದಿಗೇ ಹೆಣೆದುಕೊಂಡಿದೆ. 4.0 ಮೇಲೆ ಬರೆದ ತಮ್ಮ ತಂತ್ರಾಂಶವನ್ನು 4.8ಕ್ಕೆ ತರಲು ಕೆಲವು ದಿನಗಳ ಕೆಲಸ ಸಾಕು, ಮೊದಲಿನಿಂದ ಬರೆಯಬೇಕಾಗಿಲ್ಲ. 4.8.1 ಎಂಬ ಆವೃತ್ತಿಗೆ ಮಾತ್ರ ಹೋಗಬೇಡಿ, ಅದು ವಿಂಡೋಸ್ 7ಕ್ಕೆ ಬರುವುದಿಲ್ಲ. ಎಕ್ಸ್‌ಪಿಯಲ್ಲಿ 4.0ಗಿಂತ ಮುಂದಿನ ಯಾವ ಫ್ರೇಮ್‌ವರ್ಕೂ ಕೂರುವುದಿಲ್ಲವಾದ್ದರಿಂದ ಆ ಎರಡು ಅಂಗಡಿಗಳ ಮಾತನ್ನು ಬೇರೆಯಾಗಿ ಕೊನೆಯಲ್ಲಿ ಹೇಳುತ್ತೇನೆ.

4.8ನ್ನು ವಿಂಡೋಸ್ 7ರ ಮೇಲೆ ಕೂರಿಸುವಾಗ ತಮಗೆ ತೊಂದರೆ ಎದುರಾಗುವುದು ಖಂಡಿತ. ವರ್ಷಗಟ್ಟಲೆ ಅಪ್‌ಡೇಟ್ ಆಗದ ಯಂತ್ರದಲ್ಲಿ ಇನ್‌ಸ್ಟಾಲರ್ ‘ಪ್ರಮಾಣಪತ್ರದ ಸರಪಳಿಯನ್ನು ನಂಬಿಕಸ್ಥ ಮೂಲದವರೆಗೆ ಕಟ್ಟಲಾಗಲಿಲ್ಲ’ ಎಂಬ ಅರ್ಥದ ಸಂದೇಶ ಕೊಟ್ಟು ನಿಂತುಬಿಡುತ್ತದೆ. ಆ ಯಂತ್ರಕ್ಕೆ ಮೈಕ್ರೋಸಾಫ್ಟಿನ 2011ರ ಮೂಲ ಪ್ರಮಾಣಪತ್ರ ಗೊತ್ತಿಲ್ಲ, ಶಾ-2 ಎಂಬ ಬಗೆಯ ಡಿಜಿಟಲ್ ಸಹಿಯನ್ನು ಓದುವ ಶಕ್ತಿಯೂ ಇಲ್ಲದಿರಬಹುದು. ಆದ್ದರಿಂದ ಬ್ಯಾಡಗಿಗೆ ಹೋಗುವ ಮೊದಲೇ ಒಂದು ಪೆನ್‌ಡ್ರೈವಿನಲ್ಲಿ ಸರ್ವಿಸ್ ಪ್ಯಾಕ್ 1, ಅದರ ಮೇಲೆ ಕ್ರಮವಾಗಿ ಕೆಬಿ 4490628 ಮತ್ತು ಕೆಬಿ 4474419 ಎಂಬ ಮೈಕ್ರೋಸಾಫ್ಟ್ ಅಪ್‌ಡೇಟುಗಳು, ಆ ಮೂಲ ಪ್ರಮಾಣಪತ್ರ, ಕೊನೆಗೆ ಫ್ರೇಮ್‌ವರ್ಕಿನ ಆಫ್‌ಲೈನ್ ಇನ್‌ಸ್ಟಾಲರ್, ಇವಿಷ್ಟನ್ನು ಮೂವತ್ತೆರಡು ಬಿಟ್ ಮತ್ತು ಅರವತ್ತನಾಲ್ಕು ಬಿಟ್ ಎರಡಕ್ಕೂ ಸಿದ್ಧಮಾಡಿಟ್ಟುಕೊಳ್ಳಿ. ಜೊತೆಗೆ ‘ಯೂನಿವರ್ಸಲ್ ಸಿ ರನ್‌ಟೈಮ್’ ಎಂಬ ಮೂಲ ಲೈಬ್ರರಿಯನ್ನು ತರುವ ಕೆಬಿ 2999226 ಕೂಡ ಇರಲಿ.

ಈ ಕೊನೆಯದನ್ನು ನಾನು ಪಾಠವಾಗಿ ಕಲಿತವನು. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಅಡತಿ ಅಂಗಡಿಗೆ ಸುಗ್ಗಿಯ ನಡುವೆಯೇ ಹೊಸ ಆವೃತ್ತಿಯನ್ನು ಕಳಿಸಿದ್ದೆ. ನನ್ನ ಯಂತ್ರದಲ್ಲಿ ವಿಂಡೋಸ್ 10 ಇತ್ತು, ಅದರಲ್ಲಿ ‘ಯೂನಿವರ್ಸಲ್ ಸಿ ರನ್‌ಟೈಮ್’ ಮೊದಲಿನಿಂದಲೇ ಕೂತಿರುತ್ತದೆ. ಅಂಗಡಿಯ ವಿಂಡೋಸ್ 7ರಲ್ಲಿ ಅದು ಇರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದಾಗ ‘ಎಪಿಐ ಎಂಎಸ್ ವಿನ್ ಸಿಆರ್‌ಟಿ’ ಎಂದು ಆರಂಭವಾಗುವ ಹೆಸರಿನ ಡಿಎಲ್‌ಎಲ್ ಇಲ್ಲವೆಂಬ ಸಂದೇಶ ಪರದೆಯ ಮೇಲಿತ್ತು. ನಾನು ಧಾರವಾಡದಿಂದ ಪೆನ್‌ಡ್ರೈವ್ ಹಿಡಿದು ಹೋಗುವಷ್ಟರಲ್ಲಿ ಗುಮಾಸ್ತರು ಕಾರ್ಬನ್ ಹಾಳೆ ಇಟ್ಟು ಕೈಯಿಂದಲೇ ಪಟ್ಟಿ ಬರೆಯುತ್ತಿದ್ದರು, ಹೊರಗೆ ರೈತರು ಬಾಡಿಗೆ ಗಾಡಿಗಳನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಾಲು ಮಾರಿ ಹಣ ಪಡೆದು ಊರಿಗೆ ಮರಳಬೇಕಾದವರು ನನ್ನ ಒಂದು ಅಜಾಗರೂಕತೆಯಿಂದ ಸಂಜೆಯವರೆಗೆ ಕಾಯಬೇಕಾಯಿತು. ಅಂದಿನಿಂದ ಎರಡು ನಿಯಮಗಳನ್ನು ನಾನು ಮುರಿದಿಲ್ಲ: ಗಿರಾಕಿಯ ಬಳಿ ಇರುವಂಥದ್ದೇ ಯಂತ್ರದಲ್ಲಿ ತೆರೆದು ನೋಡದ ಯಾವ ಆವೃತ್ತಿಯನ್ನೂ ಕಳಿಸುವುದಿಲ್ಲ, ಆವಕ ಜೋರಾಗಿರುವ ತಿಂಗಳುಗಳಲ್ಲಿ ಅತಿ ತುರ್ತಿನ ತಿದ್ದುಪಡಿಯ ಹೊರತು ಏನನ್ನೂ ಬದಲಿಸುವುದಿಲ್ಲ.

ಪರೀಕ್ಷೆಗೆ ವರ್ಚುವಲ್ ಯಂತ್ರ (ಗಣಕದೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಗಣಕ) ಒಳ್ಳೆಯದು. ಸರ್ವಿಸ್ ಪ್ಯಾಕ್ 1 ಮಾತ್ರ ಇರುವ, ಬೇರಾವ ಅಪ್‌ಡೇಟೂ ಇಲ್ಲದ ವಿಂಡೋಸ್ 7ನ್ನು ಅದರಲ್ಲಿ ಕೂರಿಸಿ, ಆ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಕೊಂಡು, ಪ್ರತಿ ಬಿಡುಗಡೆಗೂ ಮುನ್ನ ಅಲ್ಲಿಂದಲೇ ಆರಂಭಿಸಿ. ಎಲ್ಲ ಅಪ್‌ಡೇಟುಗಳೂ ಇರುವ ವಿಂಡೋಸ್ 7ರಲ್ಲಿ ಪರೀಕ್ಷಿಸಿದರೆ ಮೇಲೆ ಹೇಳಿದ ಪ್ರಮಾಣಪತ್ರದ ದೋಷವಾಗಲಿ ರನ್‌ಟೈಮಿನ ದೋಷವಾಗಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಾಟಾದ ಕೇಬಲ್ಲು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರಿನ ಡ್ರೈವರು ಇವು ವರ್ಚುವಲ್ ಯಂತ್ರದಲ್ಲಿ ತಮ್ಮ ನಿಜರೂಪ ತೋರಿಸುವುದಿಲ್ಲ. ಹಳೆಯ ಡೆಸ್ಕ್‌ಟಾಪ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಮೇಜಿನ ಮೇಲಿಟ್ಟುಕೊಳ್ಳುವುದು ತಾವು ಈ ವರ್ಷ ಮಾಡುವ ಅತ್ಯಂತ ಉಪಯುಕ್ತ ಖರ್ಚಾಗುತ್ತದೆ.

ಕೋಡಿನ ಒಳಗೂ ಒಂದು ಶಿಸ್ತು ಬೇಕು. ವಿಂಡೋಸ್ 10ರಲ್ಲಿ ಮಾತ್ರ ಸಿಗುವ ಸೌಲಭ್ಯವೊಂದನ್ನು ಬಳಸಬೇಕೆಂದಿದ್ದರೆ ಅದನ್ನು ಇಂಪೋರ್ಟ್ ಯಾದಿಗೆ ಸೇರಿಸದೆ, ಪ್ರೋಗ್ರಾಂ ನಡೆಯುತ್ತಿರುವಾಗ ‘ಗೆಟ್ ಪ್ರಾಕ್ ಅಡ್ರೆಸ್’ ಮೂಲಕ ಹುಡುಕಿ, ಸಿಕ್ಕರೆ ಬಳಸಿ, ಸಿಗದಿದ್ದರೆ ಹಳೆಯ ದಾರಿಯಲ್ಲಿ ಹೋಗಿ. ಸಿ ಶಾರ್ಪಿನಲ್ಲಿ ಡಿಎಲ್‌ಎಲ್ ಇಂಪೋರ್ಟ್ ಮೊದಲ ಸಲ ಕರೆದಾಗಷ್ಟೇ ಫಂಕ್ಷನ್ನನ್ನು ಹುಡುಕುವುದರಿಂದ ಅಲ್ಲಿ ‘ಎಂಟ್ರಿ ಪಾಯಿಂಟ್ ನಾಟ್ ಫೌಂಡ್’ ಎಂಬ ಎಕ್ಸೆಪ್ಷನ್ನನ್ನು ಹಿಡಿದುಕೊಂಡರೂ ಸಾಕು. ಆವೃತ್ತಿಯ ಸಂಖ್ಯೆಯನ್ನು ನೋಡಿ ತೀರ್ಮಾನಿಸುವುದಕ್ಕಿಂತ ಸೌಲಭ್ಯ ಇದೆಯೇ ಎಂದು ನೇರವಾಗಿ ಕೇಳುವುದು ಎಂದಿಗೂ ಹೆಚ್ಚು ನಂಬಿಕೆಗೆ ಅರ್ಹ. ವಿಂಡೋಸ್ 7ರ ಒಳಸಂಖ್ಯೆ 6.1, ವಿಂಡೋಸ್ 8ರದು 6.2, 8.1ರದು 6.3, 10 ಮತ್ತು 11 ಎರಡೂ 10.0 ಎಂದೇ ಹೇಳುತ್ತವೆ, 11ನ್ನು ಗುರುತಿಸಲು ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂದು ನೋಡಬೇಕು. ಮ್ಯಾನಿಫೆಸ್ಟ್ ಕಡತದಲ್ಲಿ ‘ನಾನು ವಿಂಡೋಸ್ 10ನ್ನು ಬಲ್ಲೆ’ ಎಂದು ಘೋಷಿಸದ ಪ್ರೋಗ್ರಾಮಿಗೆ ವಿಂಡೋಸ್ 10 ತಾನು 6.2 ಎಂದೇ ಉತ್ತರಿಸುತ್ತದೆ. ಇದಲ್ಲದೆ ಆವೃತ್ತಿಗಳನ್ನು ಅಕ್ಷರಗಳ ಸಾಲಾಗಿ ಹೋಲಿಸಿದ ಕೋಡನ್ನು ನಾನು ಹಲವು ಬಾರಿ ಕಂಡಿದ್ದೇನೆ. ಹಾಗೆ ಹೋಲಿಸಿದರೆ ‘10.0’ ಎಂಬುದು ‘6.1’ಕ್ಕಿಂತ ಚಿಕ್ಕದಾಗಿ, ಹೊಸ ಯಂತ್ರವನ್ನೇ ಹಳೆಯದೆಂದು ತಂತ್ರಾಂಶ ತಿರಸ್ಕರಿಸುತ್ತದೆ.

ತಮ್ಮ ತಂತ್ರಾಂಶ ಸಂದೇಶ ಕಳಿಸಲು ಅಥವಾ ಬ್ಯಾಕಪ್ಪಿಗಾಗಿ ಯಾವುದಾದರೂ ಸರ್ವರಿನೊಂದಿಗೆ ಮಾತಾಡುತ್ತಿದ್ದರೆ ಆ ಮಾತನ್ನು ಗುಪ್ತವಾಗಿಡುವ ಟಿಎಲ್‌ಎಸ್ ಎಂಬ ಪದ್ಧತಿಯ ಆವೃತ್ತಿಯ ಕಡೆಗೆ ಗಮನ ಕೊಡಿ. ಡಾಟ್‌ನೆಟ್ 4.0 ತಾನಾಗಿ ಬಳಸುವುದು ಹಳೆಯ 1.0ನ್ನು, 1.0 ಮತ್ತು 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಬಳಕೆಯಿಂದ ತೆಗೆಯಲಾಗಿದೆ. ವಿಂಡೋಸ್ 7ಕ್ಕೆ 1.2 ಗೊತ್ತಿದೆ, ಆದರೆ ಕೇಳದ ಹೊರತು ಬಳಸುವುದಿಲ್ಲ. ಹೀಗಾಗಿ ವಿಂಡೋಸ್ 7ರಲ್ಲಿ ನಡೆಯುವಾಗ 1.2 ಬೇಕೆಂದು ಕೋಡಿನಲ್ಲೇ ಸ್ಪಷ್ಟವಾಗಿ ಹೇಳಿ, ಹೊಸ ವಿಂಡೋಸುಗಳಲ್ಲಿ ಆ ತೀರ್ಮಾನವನ್ನು ವಿಂಡೋಸಿಗೇ ಬಿಡಿ.

ಈಗ ₹ ಗುರುತಿನ ಚೌಕ. ಕೇಂದ್ರ ಸರ್ಕಾರ ಈ ಗುರುತನ್ನು ಅಂಗೀಕರಿಸಿದ್ದು 2010ರ ಜುಲೈ 15ರಂದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಅದಕ್ಕೊಂದು ಸ್ಥಾನ ಕೊಟ್ಟಿತು. ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ, ಅಂದರೆ ಗುರುತು ಹುಟ್ಟುವ ಮೊದಲೇ. ಮೈಕ್ರೋಸಾಫ್ಟ್ ನಂತರ ಕೆಬಿ 2496898 ಎಂಬ ಅಪ್‌ಡೇಟಿನ ಮೂಲಕ ಅದನ್ನು ಸೇರಿಸಿತು. ಆ ಅಪ್‌ಡೇಟ್ ಕಾಣದ ಯಂತ್ರಗಳಲ್ಲಿ ಚೌಕ ಬರುತ್ತಿದೆ. ಪಟ್ಟಿಯಲ್ಲಿ ‘ರೂ.’ ಎಂದು ಮುದ್ರಿಸುವುದು ಎಲ್ಲಕ್ಕಿಂತ ಸರಳ ಪರಿಹಾರ, ರೈತರಿಗೂ ಅದು ಚೆನ್ನಾಗಿ ಪರಿಚಿತ.

ಇದರ ಬೆನ್ನಿಗೇ ಇನ್ನೊಂದು ತೊಂದರೆ ಇದೆ, ತಾವು ಕೇಳದಿದ್ದರೂ ಹೇಳಬೇಕು. ಎಕ್ಸ್‌ಪಿ ಮತ್ತು ವಿಂಡೋಸ್ 7ರಲ್ಲಿ ಕನ್ನಡಕ್ಕಿರುವ ಫಾಂಟು ತುಂಗಾ. ವಿಂಡೋಸ್ 8ರಿಂದ ನಿರ್ಮಲಾ ಬಂತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಸೌಲಭ್ಯವಾಗಿ ಸರಿದುಹೋಗಿ, ಕನ್ನಡವನ್ನು ಭಾಷೆಯಾಗಿ ಸೇರಿಸದ ಯಂತ್ರದಲ್ಲಿ ಇರುವುದೇ ಇಲ್ಲ. ತಾವು ತುಂಗಾ ಎಂದು ಬರೆದರೆ ಹೊಸ ಯಂತ್ರದಲ್ಲಿ, ನಿರ್ಮಲಾ ಎಂದು ಬರೆದರೆ ಹಳೆಯ ಯಂತ್ರದಲ್ಲಿ ಬೇರೆ ಫಾಂಟು ಬಂದು ಕೂರುತ್ತದೆ, ಅಕ್ಷರಗಳ ಅಗಲ ಬದಲಾಗುತ್ತದೆ, ‘ಹಮಾಲಿ’ ಎಂಬ ಕಾಲಮ್ಮಿನ ಅಂಕಿ ‘ತೂಕದ ಖರ್ಚು’ ಎಂಬುದರ ಮೇಲೆ ಹತ್ತಿಕೊಳ್ಳುತ್ತದೆ. ಹಣದ ಲೆಕ್ಕವಿರುವ ಕಾಗದದಲ್ಲಿ ಇದು ಅಂದದ ಪ್ರಶ್ನೆಯಷ್ಟೇ ಅಲ್ಲ. ತನ್ನ ಪಟ್ಟಿಯನ್ನು ತಾನೇ ಓದಿಕೊಳ್ಳುವುದು ರೈತನ ಹಕ್ಕು. ನೋಟೋ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ತಂತ್ರಾಂಶದೊಂದಿಗೇ ಕೊಟ್ಟು ಇನ್‌ಸ್ಟಾಲ್ ಮಾಡಿಸಿ, ಎಲ್ಲ ಯಂತ್ರಗಳಲ್ಲೂ ಅದನ್ನೇ ಬಳಸಿ. ಒತ್ತಕ್ಷರಗಳು ಸರಿಯಾಗಿ ಬರುತ್ತಿವೆಯೇ ಎಂದು ಹಳೆಯ ಯಂತ್ರದಲ್ಲಿ ಮುದ್ರಿಸಿಯೇ ನೋಡಿ, ಪರದೆಯನ್ನು ನಂಬಬೇಡಿ.

ಪ್ರೋಗ್ರಾಮಿಗಿಂತ ಹೆಚ್ಚು ಕಾಳಜಿ ಬೇಕಾದದ್ದು ದತ್ತಾಂಶಕ್ಕೆ. ಎಷ್ಟೋ ಅಂಗಡಿಗಳಲ್ಲಿ ಮಾರುಕಟ್ಟೆಯ ಯಂತ್ರ ಹಳೆಯದಾಗಿದ್ದು, ಮನೆಯಲ್ಲಿ ಲೆಕ್ಕ ನೋಡುವ ಯಂತ್ರ ಹೊಸದಾಗಿರುತ್ತದೆ. ಸಂಜೆ ಪೆನ್‌ಡ್ರೈವಿನಲ್ಲಿ ಕಡತ ಮನೆಗೆ ಹೋಗುತ್ತದೆ, ಬೆಳಿಗ್ಗೆ ಮರಳುತ್ತದೆ. ಹೊಸ ಆವೃತ್ತಿ ತೆರೆದು ಬರೆದ ಕಡತವನ್ನು ಹಳೆಯ ಆವೃತ್ತಿ ಓದಲಾಗದಿದ್ದರೆ ಅಂದಿನ ವ್ಯವಹಾರವೇ ನಿಲ್ಲುತ್ತದೆ. ತಾವು ದತ್ತಾಂಶವನ್ನು ಒಂದೇ ಕಡತದಲ್ಲಿಡುವ ಎಸ್‌ಕ್ಯೂಲೈಟ್ ಎಂಬ ಲೈಬ್ರರಿಯನ್ನು ಬಳಸುತ್ತಿದ್ದರೆ ಅದರ ಕಡತರೂಪ 2004ರ 3.0 ಆವೃತ್ತಿಯಿಂದ ಹೊಂದಿಕೊಂಡೇ ಬಂದಿದೆ, ಆದರೂ 3.37ರಲ್ಲಿ ಬಂದ ‘ಸ್ಟ್ರಿಕ್ಟ್’ ಟೇಬಲ್ಲುಗಳಂಥ ಹೊಸ ರಚನೆಯನ್ನು ಬಳಸಿದ ಕಡತವನ್ನು ಅದಕ್ಕಿಂತ ಹಳೆಯ ಲೈಬ್ರರಿ ಕೆಟ್ಟುಹೋದ ಕಡತವೆಂದು ಬಗೆಯುತ್ತದೆ. ಕಾಲಮ್ಮುಗಳನ್ನು ಸೇರಿಸಿ, ತೆಗೆಯಬೇಡಿ. ಇದ್ದ ಕಾಲಮ್ಮಿನ ಅರ್ಥವನ್ನು ಎಂದಿಗೂ ಬದಲಿಸಬೇಡಿ. ರಚನೆಯ ಆವೃತ್ತಿ ಸಂಖ್ಯೆಯನ್ನು ಕಡತದೊಳಗೇ ಬರೆದಿಡಿ, ತನಗೆ ತಿಳಿಯದ ಸಂಖ್ಯೆ ಕಂಡರೆ ಹಳೆಯ ತಂತ್ರಾಂಶ ಓದಲಷ್ಟೇ ತೆರೆಯಲಿ, ಬರೆಯದಿರಲಿ.

ಹಳೆಯ ಯಂತ್ರಗಳನ್ನು ಎಷ್ಟು ಕಾಲ ಹೊರಬೇಕು ಎಂಬುದಕ್ಕೆ ಬರುತ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ, ಹಣ ಕೊಟ್ಟವರಿಗಿದ್ದ ಹೆಚ್ಚುವರಿ ಬೆಂಬಲ 2023ರ ಜನವರಿಗೆ ಮುಗಿದಿದೆ. ಅಂಗಡಿಯವರಿಗೆ ಇದನ್ನು ಮುಚ್ಚಿಡದೆ ಹೇಳುವುದು ತಮ್ಮ ಕರ್ತವ್ಯ. 2017ರ ಮೇ ತಿಂಗಳಲ್ಲಿ ಕಡತಗಳನ್ನು ಬಂಧಿಸಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಹೆಚ್ಚಾಗಿ ಸಿಲುಕಿದ್ದು ತಿದ್ದುಪಡಿ ಹಾಕದ ವಿಂಡೋಸ್ 7 ಯಂತ್ರಗಳೇ, ಆ ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಬಂದಿತ್ತು. ಅಂಥ ಯಂತ್ರದಲ್ಲಿ ತೂಕ ಮತ್ತು ಪಟ್ಟಿ ಮಾತ್ರ ನಡೆಯಲಿ, ಬ್ಯಾಂಕ್ ವ್ಯವಹಾರವೂ ಇಮೇಲೂ ಬೇರೆ ಯಂತ್ರದಲ್ಲಿರಲಿ ಎಂದು ತಿಳಿಸಿಹೇಳಿ. ಹಾಗೆಂದು ಇವತ್ತೇ ಕೈಬಿಡಿ ಎಂದು ನಾನು ಹೇಳಲಾರೆ. ಆ ಹನ್ನೊಂದು ಅಂಗಡಿಗಳು ತಮ್ಮ ಗಿರಾಕಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಅಲ್ಲಿನ ಯಂತ್ರ ಕೆಲಸ ಮಾಡುತ್ತಿದೆ, ಅದನ್ನು ಬದಲಿಸುವ ಹಣ ಅವರದು. ಇನ್ನು ಎರಡು ಸುಗ್ಗಿಗಳವರೆಗೆ ವಿಂಡೋಸ್ 7ರಲ್ಲಿ ತಂತ್ರಾಂಶ ನಡೆಯುತ್ತದೆ, ಆಮೇಲೆ ದೋಷಗಳ ತಿದ್ದುಪಡಿಯೂ ನಿಲ್ಲುತ್ತದೆ ಎಂದು ದಿನಾಂಕ ಹಾಕಿ ಕಾಗದದಲ್ಲಿ ಬರೆದುಕೊಡಿ. ಹೊಸ ಮೆಣಸಿನಕಾಯಿಯ ಆವಕ ಡಿಸೆಂಬರ್ ಹೊತ್ತಿಗೆ ಆರಂಭವಾಗುವುದರಿಂದ ಇಂಥ ಬದಲಾವಣೆಗಳೆಲ್ಲ ದಸರೆಗೆ ಮೊದಲೇ ಮುಗಿದಿರಬೇಕು.

ವಿಂಡೋಸ್ 10 ಇರುವ ಉಳಿದ ಇಪ್ಪತ್ತೈದು ಅಂಗಡಿಗಳ ಬಗ್ಗೆ ನಿಶ್ಚಿಂತರಾಗಬೇಡಿ. ಅದರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಮತ್ತು ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಅಥವಾ ಅದರಿಂದಾಚೆಯ ಪ್ರೊಸೆಸರನ್ನು ಕೇಳುವುದರಿಂದ ಆ ಯಂತ್ರಗಳಲ್ಲಿ ಹಲವು ಮೇಲೇರಲಾರವು. ವಿಂಡೋಸ್ 7ರ ಸಲುವಾಗಿ ಈಗ ಕಟ್ಟಿಕೊಳ್ಳುವ ಪರೀಕ್ಷೆಯ ವ್ಯವಸ್ಥೆ ನಾಳೆ ವಿಂಡೋಸ್ 10ಕ್ಕೂ ಬೇಕಾಗುತ್ತದೆ.

ಎಕ್ಸ್‌ಪಿಯ ಎರಡು ಅಂಗಡಿಗಳ ವಿಚಾರದಲ್ಲಿ ಮಾತ್ರ ನನ್ನ ನಿಲುವು ಕಠಿಣ. ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ, ಅದಕ್ಕಾಗಿ ಉಳಿದ ಮೂವತ್ತಾರು ಅಂಗಡಿಗಳನ್ನು 4.0ಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ. ಈಗಿರುವ 4.0 ಆವೃತ್ತಿಯನ್ನು ಅವರಿಗೆ ಕೊನೆಯದೆಂದು ಹೇಳಿ, ಅದರ ಇನ್‌ಸ್ಟಾಲರನ್ನೂ ಮೂಲ ಕೋಡನ್ನೂ ಜೋಪಾನ ಮಾಡಿ, ಆ ಯಂತ್ರ ಕೆಟ್ಟ ದಿನ ಹಳೆಯ ಪಟ್ಟಿಗಳೆಲ್ಲ ಹೊಸ ಯಂತ್ರಕ್ಕೆ ಬರುವಂತೆ ಎಕ್ಸ್‌ಪೋರ್ಟ್ ಸೌಲಭ್ಯವನ್ನು ಆ ಆವೃತ್ತಿಗೆ ಈಗಲೇ ಸೇರಿಸಿಕೊಡಿ. ಹೊಸ ಇನ್‌ಸ್ಟಾಲರ್ ಎಕ್ಸ್‌ಪಿಯಲ್ಲಿ ತೆರೆದರೆ ಒಂದು ಕಡತವನ್ನೂ ನಕಲು ಮಾಡುವ ಮೊದಲೇ ಕಾರಣವನ್ನು ಕನ್ನಡದಲ್ಲಿ ಹೇಳಿ ನಿಲ್ಲಬೇಕು. ಆ ಸಂದೇಶ ಬಿಟ್‌ಮ್ಯಾಪ್ ಚಿತ್ರವಾಗಿರಲಿ, ಏಕೆಂದರೆ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಹಾಕದ ಎಕ್ಸ್‌ಪಿ ಯಂತ್ರದಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುವುದಿಲ್ಲ.